ತಾಯಿಗೆ ಆಸ್ತಮಾ ಇದ್ದರೆ ಮಗುವಿಗೆ ದಾಟುವುದು ಏನು?

ಪ್ರಶ್ನೆ: ನನಗೆ ಚಿಕ್ಕಂದಿನಿಂದ ಆಸ್ತಮಾ. ನಮ್ಮ ತಾಯಿಗೂ ಇತ್ತು. ಯಜಮಾನರಿಗೆ ಇಲ್ಲ, ಆದರೆ ಬೆಳಗಾದರೆ ಸಾಲುಸಾಲು ಸೀನು. ಆರು ವರ್ಷದ ಮಗನಿಗೆ ಮೂರನೇ ವರ್ಷದಿಂದ ನೆಗಡಿ ಬಂದಾಗಲೆಲ್ಲ ಉಬ್ಬಸ. ರಕ್ತಪರೀಕ್ಷೆಯಲ್ಲಿ ಇಸಿನೋಫಿಲ್ 7%, ಐಜಿಇ 840 ಬಂದಿದೆ. 'ಇಮ್ಯೂನಿಟಿ ಕಡಿಮೆ, ಟಾನಿಕ್ ಕೊಡಿ' ಎಂದು ಒಬ್ಬರು, 'ಇಮ್ಯೂನಿಟಿ ಜಾಸ್ತಿಯಾಗಿರುವುದೇ ತೊಂದರೆ' ಎಂದು ಇನ್ನೊಬ್ಬರು. ನಾನೀಗ ಐದು ತಿಂಗಳ ಗರ್ಭಿಣಿ. ಹುಟ್ಟುವ ಮಗುವಿಗೂ ಬರುತ್ತದೆಯೇ? ಜೀನ್ ಟೆಸ್ಟ್ ಮಾಡಿಸಬಹುದೇ? ಮಗನಿಗೆ ಇನ್ಹೇಲರ್ ಹಿಡಿಸಿದರೆ ಮುಂದೆ ಬಿಡಿಸಲಾಗದು ಎನ್ನುತ್ತಾರೆ, ನಿಜವೇ?
— ಓದುಗರು, ದಾವಣಗೆರೆ

ಉತ್ತರ: ಹುಟ್ಟುವ ಮಗುವಿಗೆ ಆಸ್ತಮಾ ಬಂದೇ ಬರುತ್ತದೆ ಎಂದೇನಿಲ್ಲ. ಬರುವ ಸಾಧ್ಯತೆ ಉಳಿದ ಮಕ್ಕಳಿಗಿಂತ ಹೆಚ್ಚು, ಅಷ್ಟೇ. ವೈದ್ಯರು ಸಾಮಾನ್ಯವಾಗಿ ಹೇಳುವ ಒರಟು ಲೆಕ್ಕ ಹೀಗಿದೆ: ತಂದೆತಾಯಿಯರಲ್ಲಿ ಒಬ್ಬರಿಗೆ ಇದ್ದರೆ ನಾಲ್ಕು ಮಕ್ಕಳಲ್ಲಿ ಒಂದಕ್ಕೆ, ಇಬ್ಬರಿಗೂ ಇದ್ದರೆ ಎರಡರಲ್ಲಿ ಒಂದಕ್ಕೆ. ತಂದೆಗಿಂತ ತಾಯಿಗಿದ್ದಾಗ ಪರಿಣಾಮ ತುಸು ಹೆಚ್ಚು ಎಂದು ಹಲವು ಅಧ್ಯಯನಗಳು ಕಂಡುಕೊಂಡಿವೆ. ನಿಮ್ಮ ಯಜಮಾನರ ಸೀನನ್ನೂ ಲೆಕ್ಕದಿಂದ ಬಿಡಬೇಡಿ. ಅದು ಬಹುಶಃ ಮೂಗಿನ ಅಲರ್ಜಿ. ಇಸುಬು, ಮೂಗಿನ ಅಲರ್ಜಿ, ಆಸ್ತಮಾ ಮೂರೂ ಒಂದೇ ಮನೆತನದಲ್ಲಿ ಕಾಣಿಸಿಕೊಳ್ಳುವುದು ಮಾಮೂಲು: ಅಜ್ಜಿಗೆ ಉಬ್ಬಸ, ಮಗನಿಗೆ ಸೀನು, ಮೊಮ್ಮಗಳಿಗೆ ಮೊಣಕೈ ಮಡಿಕೆಯಲ್ಲಿ ತುರಿಕೆ.

ಆಸ್ತಮಾದಲ್ಲಿ ವಂಶದ ಪಾಲು ಅರ್ಧಕ್ಕಿಂತ ಹೆಚ್ಚು ಎಂದು ಎಲ್ಲಾದರೂ ಓದಿರುತ್ತೀರಿ. ಅವಳಿಗಳ ಮೇಲಿನ ಅಧ್ಯಯನಗಳಿಂದ ಬಂದ ಅಂಕಿ ಅದು. ಬಹುತೇಕ ಲೆಕ್ಕಗಳು 50ರಿಂದ 70%ರ ಆಸುಪಾಸಿನಲ್ಲಿ ಬೀಳುತ್ತವೆ. ಅದನ್ನು 'ನನ್ನ ಮಗುವಿಗೆ 60% ಬರುತ್ತದೆ' ಎಂದು ಓದಿಕೊಳ್ಳುವವರೇ ಜಾಸ್ತಿ. ಅದರ ಅರ್ಥ ಬೇರೆ. ಒಂದು ಊರಿನ ಜನರಲ್ಲಿ ಕೆಲವರಿಗೆ ಆಸ್ತಮಾ ಇದೆ, ಕೆಲವರಿಗೆ ಇಲ್ಲ. ಈ ವ್ಯತ್ಯಾಸದಲ್ಲಿ ಎಷ್ಟು ಭಾಗ ವಂಶವಾಹಿಗಳ ವ್ಯತ್ಯಾಸದಿಂದ ಬಂದದ್ದು ಎಂಬುದನ್ನಷ್ಟೇ ಆ ಅಂಕಿ ಹೇಳುತ್ತದೆ. ಡಿಎನ್‌ಎ ಪೂರ್ತಿ ಒಂದೇ ಆಗಿರುವ ಅವಳಿಗಳಲ್ಲೂ ಒಬ್ಬರಿಗೆ ಆಸ್ತಮಾ ಇದ್ದು ಇನ್ನೊಬ್ಬರು ಆರಾಮಾಗಿರುವುದು ಅಪರೂಪವೇನಲ್ಲ.

ತಲಸ್ಸೇಮಿಯಾದಂಥ ಕಾಯಿಲೆಯಲ್ಲಿ ಒಂದೇ ವಂಶವಾಹಿಯ ಎರಡೂ ಪ್ರತಿಗಳು ಕೆಟ್ಟರೆ ಕಾಯಿಲೆ ನಿಶ್ಚಿತವಾಗುವ ಹಾಗೆ ಆಸ್ತಮಾದಲ್ಲಿ ಆಗುವುದಿಲ್ಲ. ಇಲ್ಲಿಯವರೆಗೆ ಡಿಎನ್‌ಎಯಲ್ಲಿ ಆಸ್ತಮಾಕ್ಕೆ ನಂಟಿರುವ ನೂರಕ್ಕೂ ಹೆಚ್ಚು ಜಾಗಗಳು ಸಿಕ್ಕಿವೆ, ಒಂದೊಂದೂ ಅಪಾಯವನ್ನು ಚೂರುಚೂರೇ ಏರಿಸುವಂಥದು. 1989ರಲ್ಲಿ ಆಕ್ಸ್‌ಫರ್ಡ್‌ನ ತಂಡವೊಂದು ಅಲರ್ಜಿಯ ಪ್ರವೃತ್ತಿಯನ್ನು 11ನೇ ಕ್ರೋಮೋಸೋಮಿಗೆ ಜೋಡಿಸಿದಾಗ 'ಅಲರ್ಜಿ ಜೀನ್ ಸಿಕ್ಕಿತು' ಎಂದೇ ಹಲವರು ಭಾವಿಸಿದ್ದರು. 2002ರಲ್ಲಿ 20ನೇ ಕ್ರೋಮೋಸೋಮಿನ ಎಡಿಎಎಂ33 ಸಿಕ್ಕಾಗಲೂ ಹೀಗೆಯೇ. ಎರಡೂ ಪೂರ್ತಿ ಸುಳ್ಳಾಗಲಿಲ್ಲ, ಆದರೆ ಕಥೆಯ ನಾಯಕರೂ ಆಗಲಿಲ್ಲ.

ಬಾಲ್ಯದ ಆಸ್ತಮಾಕ್ಕೆ ಸಂಬಂಧಿಸಿ ಪದೇ ಪದೇ ಎದುರಾಗುವ ಜಾಗ 17ನೇ ಕ್ರೋಮೋಸೋಮಿನಲ್ಲಿದೆ. 17ಕ್ಯೂ21 ಎಂದು ಅದರ ಹೆಸರು. ಇಡೀ ಜೀನೋಮನ್ನು ಜಾಲಾಡಿದ ಮೊದಲ ಆಸ್ತಮಾ ಅಧ್ಯಯನ 2007ರಲ್ಲಿ ಇದನ್ನು ಹೊರತಂದಿತು. ಅಲ್ಲಿರುವ ಎರಡು ವಂಶವಾಹಿಗಳ ಮೇಲೆ ಎಲ್ಲರ ಕಣ್ಣು: ಓಆರ್‌ಎಂಡಿಎಲ್3 ಎಂಬುದು ಜೀವಕೋಶದ ಪೊರೆಗೆ ಬೇಕಾದ ಒಂದು ಬಗೆಯ ಕೊಬ್ಬಿನ ತಯಾರಿಕೆಗೆ ಕಡಿವಾಣ ಹಾಕುತ್ತದೆ, ಜಿಎಸ್‌ಡಿಎಂಬಿ ಎಂಬುದು ಸೋಂಕು ತಗಲಿದ ಕೋಶ ಒಡೆದು ಸಾಯುವ ಕ್ರಿಯೆಯಲ್ಲಿ ಕೈಯಾಡಿಸುತ್ತದೆ. ದೊಡ್ಡವರಾದ ಮೇಲೆ ಶುರುವಾಗುವ ಆಸ್ತಮಾಕ್ಕೆ ಈ ಜಾಗದ ನಂಟು ದುರ್ಬಲ. ಹಸುಗೂಸಾಗಿದ್ದಾಗ ರೈನೋವೈರಸ್ ನೆಗಡಿಯಿಂದ ಉಬ್ಬಸ ಬಂದಿದ್ದ ಮಕ್ಕಳಲ್ಲಿ, ಮನೆಯಲ್ಲಿ ಬೀಡಿ ಸಿಗರೇಟಿನ ಹೊಗೆ ಕುಡಿದ ಮಕ್ಕಳಲ್ಲಿ ನಂಟು ಗಟ್ಟಿ. ಸ್ವಾರಸ್ಯವೆಂದರೆ, ಇದೇ ಅಪಾಯದ ರೂಪವನ್ನು ಹೊತ್ತ ಯುರೋಪಿನ ಮಕ್ಕಳು ದನದ ಕೊಟ್ಟಿಗೆಯ ಒಡನಾಟದಲ್ಲಿ ಬೆಳೆದಾಗ ಅವರಿಗೆ ಉಬ್ಬಸ ಕಡಿಮೆಯಾಗಿದ್ದು ಕಂಡುಬಂದಿದೆ. ಅಂದರೆ 'ಕೆಟ್ಟ ಜೀನ್' ಎಂದು ಹಣೆಪಟ್ಟಿ ಹಚ್ಚುವುದೇ ಇಲ್ಲಿ ತಪ್ಪು. ಪರಿಸರಕ್ಕೆ ಜೋರಾಗಿ ಸ್ಪಂದಿಸುವ ಜೀನ್ ಅದು, ಆ ಪರಿಸರ ಯಾವುದು ಎಂಬುದರ ಮೇಲೆ ಫಲ.

ಇನ್ನೊಂದು ವಂಶವಾಹಿ ನಿಮ್ಮ ಮಗನಂಥ ಮಕ್ಕಳ ವಿಷಯದಲ್ಲಿ ಮುಖ್ಯ: ಸಿಡಿಎಚ್‌ಆರ್3. ಚಿಕ್ಕ ವಯಸ್ಸಿನಲ್ಲೇ ಆಸ್ಪತ್ರೆ ಸೇರುವಷ್ಟು ತೀವ್ರ ಉಬ್ಬಸ ಪದೇ ಪದೇ ಬರುವ ಮಕ್ಕಳಲ್ಲಿ 2014ರಲ್ಲಿ ಡೆನ್ಮಾರ್ಕಿನ ಸಂಶೋಧಕರ ತಂಡ ಇದನ್ನು ಗುರುತಿಸಿತು. ಮರುವರ್ಷ ಕಾರಣವೂ ತಿಳಿಯಿತು. ಶ್ವಾಸನಾಳದ ಒಳಪದರದ ಕೋಶಗಳಲ್ಲಿರುವ ಈ ಪ್ರೋಟೀನನ್ನೇ ರೈನೋವೈರಸ್-ಸಿ ಒಳಗೆ ಹೋಗುವ ಬಾಗಿಲಾಗಿ ಬಳಸುತ್ತದೆ. ಒಂದು ಅಕ್ಷರ ಬದಲಾದ ರೂಪದಲ್ಲಿ ಆ ಪ್ರೋಟೀನು ಕೋಶದ ಮೇಲ್ಮೈಯಲ್ಲಿ ಹೆಚ್ಚಾಗಿ ನಿಲ್ಲುತ್ತದೆ. ಶಾಲೆ ಶುರುವಾಗಿ, ಮಳೆ ಹಿಡಿದು, ತರಗತಿಯಲ್ಲಿ ಒಬ್ಬರಿಂದೊಬ್ಬರಿಗೆ ನೆಗಡಿ ಹರಡಿದಾಗ ಮೂವತ್ತು ಮಕ್ಕಳಿಗೂ ಮೂಗು ಸೋರುತ್ತದೆ, ಇಬ್ಬರಿಗೆ ಮಾತ್ರ ಎದೆ ಸುಂಯ್‌ಗುಡುತ್ತದೆ. ಆ ವ್ಯತ್ಯಾಸಕ್ಕೆ ಇಂಥ ಸಣ್ಣಪುಟ್ಟ ಕಾರಣಗಳಿರುತ್ತವೆ.

2010ರ ಗೇಬ್ರಿಯಲ್ ಎಂಬ ದೊಡ್ಡ ಒಕ್ಕೂಟದ ಅಧ್ಯಯನ ಹತ್ತು ಸಾವಿರಕ್ಕೂ ಹೆಚ್ಚು ರೋಗಿಗಳ ಡಿಎನ್‌ಎ ನೋಡಿತು. ಐಎಲ್-33 ಎಂಬ ಎಚ್ಚರಿಕೆಯ ಸಂಕೇತ, ಅದನ್ನು ಹಿಡಿದುಕೊಳ್ಳುವ ಗ್ರಾಹಿ, ರೋಗನಿರೋಧಕ ವ್ಯವಸ್ಥೆಗೆ ಸೇರಿದ ಎಚ್‌ಎಲ್‌ಎ ಪ್ರದೇಶ, 17ಕ್ಯೂ21 ಮುಂತಾದವು ಎದ್ದು ಕಂಡವು. ರಕ್ತದಲ್ಲಿ ಐಜಿಇ ಎಂಬ ಅಲರ್ಜಿಯ ಪ್ರತಿಕಾಯದ ಮಟ್ಟವನ್ನು ನಿರ್ಧರಿಸುವ ವಂಶವಾಹಿಗಳಿಗೂ ಆಸ್ತಮಾದ ವಂಶವಾಹಿಗಳಿಗೂ ಹೆಚ್ಚು ಹೊಂದಾಣಿಕೆಯೇ ಇರಲಿಲ್ಲ. ಅಲ್ಲಿಯವರೆಗೆ 'ಅಲರ್ಜಿ ಮೊದಲು, ಆಸ್ತಮಾ ಆಮೇಲೆ' ಎಂದು ನಂಬಿದ್ದವರಿಗೆ ಇದು ಪೆಟ್ಟು. ಪಟ್ಟಿಯಲ್ಲಿ ಮುಂದಿದ್ದದ್ದು ಶ್ವಾಸನಾಳದ ಒಳಪದರ ಮತ್ತು ಅದು ಹೊರಡಿಸುವ ಎಚ್ಚರಿಕೆಯ ಸಂಕೇತಗಳು. ನಿಮ್ಮ ಮಗುವಿಗೆ ದಾಟುವುದು ಆಸ್ತಮಾ ಅಲ್ಲ. ಬೇಗ ಗಾಸಿಗೊಳ್ಳುವ, ಸಣ್ಣ ಗಾಸಿಗೂ ದೊಡ್ಡ ಕೂಗು ಹಾಕುವ ಒಂದು ಒಳಪದರ.

ಈಗ ಇಮ್ಯೂನಿಟಿಯ ಜಗಳಕ್ಕೆ ಬರೋಣ. ಕಡಿಮೆ ಎಂದವರೂ ಜಾಸ್ತಿ ಎಂದವರೂ ಪೂರ್ತಿ ಸರಿಯಲ್ಲ. ಆಸ್ತಮಾದಲ್ಲಿ ರೋಗನಿರೋಧಕ ವ್ಯವಸ್ಥೆಯ ಒಂದು ಕವಲು ಅಗತ್ಯಕ್ಕಿಂತ ಚುರುಕು, ಇನ್ನೊಂದು ಕವಲು ಮಂದ.

ಹಾಸಿಗೆಯ ಧೂಳಿನಲ್ಲಿರುವ ನುಸಿಯನ್ನೇ ತೆಗೆದುಕೊಳ್ಳಿ. ಅದರ ಹಿಕ್ಕೆಯಲ್ಲಿ ಡರ್-ಪಿ1 ಎಂಬ, ಪ್ರೋಟೀನು ಕತ್ತರಿಸುವ ಕಿಣ್ವವಿದೆ. ಅದು ಒಳಪದರದ ಕೋಶಗಳ ನಡುವಿನ ಬೆಸುಗೆಯನ್ನು ಕತ್ತರಿಸುತ್ತದೆ. ಗಾಸಿಯಾದ ಕೋಶಗಳು ಟಿಎಸ್‌ಎಲ್‌ಪಿ, ಐಎಲ್-25, ಐಎಲ್-33 ಎಂಬ ಮೂರು ಸಂಕೇತಗಳನ್ನು ಹೊರಬಿಡುತ್ತವೆ. ಡೆಂಡ್ರಿಟಿಕ್ ಕೋಶಗಳು ನುಸಿಯ ತುಣುಕನ್ನು ಹೊತ್ತು ಹತ್ತಿರದ ದುಗ್ಧಗ್ರಂಥಿಗೆ ಹೋಗಿ ಟಿ-ಕೋಶಗಳಿಗೆ ತೋರಿಸುತ್ತವೆ. ಮೂರು ಸಂಕೇತಗಳ ಪ್ರಭಾವದಲ್ಲಿ ಆ ಟಿ-ಕೋಶಗಳು ಟಿಎಚ್2 ಎಂಬ ಬಗೆಗೆ ತಿರುಗುತ್ತವೆ. ಜಂತುಹುಳುಗಳ ವಿರುದ್ಧ ಹೋರಾಡಲು ಇರುವ ಬಗೆ ಅದು. ಹುಳುವಿಲ್ಲದ ಕಡೆ ಹುಳುವಿನ ಯುದ್ಧ ಶುರುವಾಗುತ್ತದೆ.

ಟಿಎಚ್2 ಕೋಶಗಳಿಂದ ಮೂರು ರಾಸಾಯನಿಕಗಳು. ಐಎಲ್-4 ಬಂದರೆ ಬಿ-ಕೋಶಗಳು ಐಜಿಇ ಪ್ರತಿಕಾಯ ತಯಾರಿಸುತ್ತವೆ. ಐಎಲ್-5 ಮೂಳೆಮಜ್ಜೆಯಿಂದ ಇಸಿನೋಫಿಲ್ ಎಂಬ ಬಿಳಿ ರಕ್ತಕಣಗಳನ್ನು ಕರೆಸಿ ಅವು ಬೇಗ ಸಾಯದಂತೆ ನೋಡಿಕೊಳ್ಳುತ್ತದೆ. ಐಎಲ್-13 ಲೋಳೆಯನ್ನು ಹೆಚ್ಚಿಸಿ, ನಾಳದ ಸುತ್ತಲಿನ ಸ್ನಾಯುವನ್ನು ಮುಟ್ಟಿದರೆ ಮುದುಡುವಂತೆ ಮಾಡುತ್ತದೆ. ಉಸಿರಿನಲ್ಲಿ ನೈಟ್ರಿಕ್ ಆಕ್ಸೈಡ್ ಏರುವುದೂ ಇದರಿಂದಲೇ. ದೊಡ್ಡ ಆಸ್ಪತ್ರೆಗಳಲ್ಲಿ 'ಫೀನೋ' ಎಂದು ಅಳೆಯುವುದು ಅದನ್ನೇ. ಇತ್ತ ವೈರಸ್‌ಗಳನ್ನು ತಡೆಯುವ ಇಂಟರ್‌ಫೆರಾನ್ ಕವಲು ಹಲವು ಆಸ್ತಮಾ ರೋಗಿಗಳಲ್ಲಿ ನಿಧಾನ. ನೆಗಡಿಯ ವೈರಸ್ ಎದೆಗಿಳಿದು ಬೇರೂರಲು ಅಷ್ಟು ಸಾಕು.

ಹೀಗಿರುವಾಗ 'ಇಮ್ಯೂನಿಟಿ ಟಾನಿಕ್' ಯಾವ ಕವಲನ್ನು ಏರಿಸುತ್ತದೆ? ಅಂಗಡಿಯಲ್ಲಿ ಸಿಗುವ ಯಾವ ಬಾಟಲಿಯೂ ಇಂಟರ್‌ಫೆರಾನ್ ಏರಿಸಿ ಟಿಎಚ್2 ಇಳಿಸುತ್ತದೆ ಎಂದು ಸಾಬೀತಾಗಿಲ್ಲ. ಆ ದುಡ್ಡಿಗೆ ಇನ್ಹೇಲರಿಗೆ ಸಿಕ್ಕಿಸುವ ಒಂದು ಸ್ಪೇಸರ್ ಕೊಳವೆ ಬರುತ್ತದೆ.

ಅಲರ್ಜಿಯ ರಾಸಾಯನಿಕಗಳನ್ನು ತುಂಬಿಟ್ಟುಕೊಂಡಿರುವ ಮಾಸ್ಟ್ ಕೋಶಗಳ ಕೆಲಸ ತಿಳಿದರೆ ಮನೆಯಲ್ಲಿ ನಡೆಯುವ ಒಂದು ಗೊಂದಲ ತೀರುತ್ತದೆ. ಐಜಿಇ ಹೋಗಿ ಈ ಕೋಶಗಳ ಮೈಗೆ ಅಂಟಿಕೊಂಡಿರುತ್ತದೆ. ಮತ್ತೆ ಅದೇ ಧೂಳು ಸಿಕ್ಕಾಗ ಹಿಸ್ಟಮಿನ್, ಲ್ಯೂಕೋಟ್ರೈನ್‌ಗಳು ನಿಮಿಷಗಳಲ್ಲಿ ಹೊರಬಿದ್ದು ಸ್ನಾಯು ಬಿಗಿಯುತ್ತದೆ. ಇದು ಒಂದೆರಡು ಗಂಟೆಯಲ್ಲಿ ಇಳಿಯುತ್ತದೆ. ಆದರೆ ನಾಲ್ಕರಿಂದ ಎಂಟು ಗಂಟೆ ಕಳೆದು, ಇಸಿನೋಫಿಲ್‌ಗಳು ಬಂದು ಸೇರಿದ ಮೇಲೆ, ಎರಡನೇ ಅಲೆ ಏಳುತ್ತದೆ. ಈ ಸಲ ಬಿಗಿತದ ಜತೆಗೆ ಊತವೂ ಇರುತ್ತದೆ. ಹಬ್ಬಕ್ಕೆಂದು ಮಧ್ಯಾಹ್ನ ಅಟ್ಟ ಗುಡಿಸಿದಾಗ ನಾಲ್ಕು ಸೀನು ಬಂದು ಸುಮ್ಮನಾದ ಹುಡುಗ ರಾತ್ರಿ ಎದ್ದು ಕೂತು ಕೆಮ್ಮುತ್ತಾನೆ. ಮನೆಯವರು ರಾತ್ರಿ ತಿಂದ ಬಾಳೆಹಣ್ಣನ್ನೋ ಮೊಸರನ್ನೋ ದೂರುತ್ತಾರೆ. ಅವೆರಡೂ ಆಸ್ತಮಾ ತರುವುದಿಲ್ಲ, ಬಿಡಿಸುವ ಅಗತ್ಯವಿಲ್ಲ.

ನೀಲಿ ಬಣ್ಣದ ಸಾಲ್ಬುಟಮಾಲ್ (ಅಸ್ತಾಲಿನ್) ಇನ್ಹೇಲರ್ ಸ್ನಾಯುವಿನ ಬಿಗಿತವನ್ನು ನಾಲ್ಕರಿಂದ ಆರು ಗಂಟೆ ಸಡಿಲಿಸುತ್ತದೆ. ಊತವನ್ನು ಮುಟ್ಟುವುದೇ ಇಲ್ಲ. ಊತ ಇಳಿಸುವುದು ಬುಡೆಸೊನೈಡ್‌ನಂಥ ಸ್ಟೀರಾಯ್ಡ್ ಇನ್ಹೇಲರ್. ಅದು ಮೇಲೆ ಹೇಳಿದ ಸರಪಳಿಯನ್ನು ಹಲವು ಕಡೆ ಒಟ್ಟಿಗೆ ಕತ್ತರಿಸುತ್ತದೆ. ಇಷ್ಟಕ್ಕೂ ಬಗ್ಗದ ತೀವ್ರ ಆಸ್ತಮಾಕ್ಕೆ ಈಗ ಒಂದೊಂದು ಕೊಂಡಿಯನ್ನೇ ಗುರಿಯಿಟ್ಟ ಚುಚ್ಚುಮದ್ದುಗಳಿವೆ: ಐಜಿಇಗೆ ಒಮಾಲಿಜುಮಾಬ್ (2003), ಐಎಲ್-5ಕ್ಕೆ ಮೆಪೊಲಿಜುಮಾಬ್ (2015), ಐಎಲ್-4 ಮತ್ತು 13ಕ್ಕೆ ಡುಪಿಲುಮಾಬ್, ಟಿಎಸ್‌ಎಲ್‌ಪಿಗೆ 2021ರ ಕೊನೆಯಲ್ಲಿ ಅಮೆರಿಕದಲ್ಲಿ ಮಂಜೂರಾದ ಟೆಜೆಪೆಲುಮಾಬ್. ಟಿಎಸ್‌ಎಲ್‌ಪಿ ವಂಶವಾಹಿಯ ಹೆಸರು ಆಸ್ತಮಾ ಪಟ್ಟಿಯಲ್ಲಿ ಮೊದಲೇ ಇತ್ತು. ಜೀನ್ ಸಂಶೋಧನೆಯಿಂದ ರೋಗಿಗೆ ಏನು ಸಿಕ್ಕಿತು ಎಂದು ಕೇಳುವವರಿಗೆ ಇದನ್ನು ತೋರಿಸಬಹುದು. ದುಬಾರಿ ಮದ್ದುಗಳು, ನಿಮ್ಮ ಮಗನ ಹಂತಕ್ಕೆ ಬೇಕಿಲ್ಲ.

ಇನ್ನು ನಿಮ್ಮ ಕೈಯಲ್ಲಿರುವ ರಿಪೋರ್ಟು. ಇಸಿನೋಫಿಲ್ 7% ಎಂಬುದು ಅರ್ಧ ಮಾಹಿತಿ. ಒಟ್ಟು ಬಿಳಿ ರಕ್ತಕಣಗಳ ಎಣಿಕೆಯಿಂದ ಗುಣಿಸಿ: ಟೋಟಲ್ ಕೌಂಟ್ 9,000 ಇದ್ದರೆ 7% ಅಂದರೆ 630. ಲ್ಯಾಬಿನವರು ಎಇಸಿ ಎನ್ನುವುದು ಇದನ್ನೇ. 500ರ ಒಳಗಿದ್ದರೆ ಸಹಜ ಎನ್ನುತ್ತಾರೆ. ಆಸ್ತಮಾ ಇರುವವರಲ್ಲಿ 300ರ ಮೇಲಿದ್ದರೆ ಇದು ಟಿಎಚ್2 ಬಗೆಯದು, ಸ್ಟೀರಾಯ್ಡ್ ಇನ್ಹೇಲರಿಗೆ ಚೆನ್ನಾಗಿ ಬಗ್ಗುತ್ತದೆ ಎಂಬ ಸೂಚನೆ. ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ಅಥವಾ ಸಿರಪ್ ಕೊಟ್ಟ ಮೇಲೆ ರಕ್ತ ತೆಗೆದರೆ ಈ ಎಣಿಕೆ ಕೆಲವೇ ಗಂಟೆಗಳಲ್ಲಿ ಕುಸಿದಿರುತ್ತದೆ, ಆ ರಿಪೋರ್ಟನ್ನು ನಂಬುವಂತಿಲ್ಲ.

ಐಜಿಇ 840 ಎಂದರೆ ಆಸ್ತಮಾ ಜೋರಾಗಿದೆ ಎಂದಲ್ಲ. ನಮ್ಮ ಕಡೆ ಜಂತುಹುಳುವಿನಿಂದಲೇ ಐಜಿಇ, ಇಸಿನೋಫಿಲ್ ಎರಡೂ ಏರಿರುತ್ತವೆ. ಫೆಬ್ರವರಿ ಮತ್ತು ಆಗಸ್ಟ್‌ನಲ್ಲಿ ಶಾಲೆ, ಅಂಗನವಾಡಿಗಳಲ್ಲಿ ಕೊಡುವ ಅಲ್ಬೆಂಡಜೋಲ್ 400 ಮಿಲಿಗ್ರಾಂ ಮಾತ್ರೆ ಹುಡುಗನಿಗೆ ಸಿಕ್ಕಿದೆಯೇ ನೋಡಿ. ಎಇಸಿ 3,000 ದಾಟಿ, ರಾತ್ರಿ ಕೆಮ್ಮು ವಾರಗಟ್ಟಲೆ ಇದ್ದು, ಊರು ಕರಾವಳಿಯೋ ಕಲಬುರಗಿ-ಬೀದರ ಕಡೆಯೋ ಆಗಿದ್ದರೆ ಆನೆಕಾಲು ಹುಳುವಿನಿಂದ ಬರುವ ಟ್ರಾಪಿಕಲ್ ಇಸಿನೋಫಿಲಿಯಾವನ್ನು ನೆನೆಯಬೇಕು. ಅದು ಆಸ್ತಮಾದಂತೆಯೇ ನಟಿಸುತ್ತದೆ, ಮದ್ದು ಬೇರೆ: ಡಿಇಸಿ ಮಾತ್ರೆ, ಮೂರು ವಾರ. ಇನ್ನೊಂದು, ಆಸ್ಪರ್ಜಿಲಸ್ ಎಂಬ ಬೂಷ್ಟಿಗೆ ಬರುವ ಅಲರ್ಜಿ, ಎಬಿಪಿಎ. ಹೆಚ್ಚಾಗಿ ದೊಡ್ಡವರಲ್ಲಿ. ಒಟ್ಟು ಐಜಿಇ 500ರ ಮೇಲಿದ್ದು, ಸರಿಯಾಗಿ ಇನ್ಹೇಲರ್ ತೆಗೆದುಕೊಂಡರೂ ಹತೋಟಿಗೆ ಬಾರದೆ, ಕಂದು ಬಣ್ಣದ ಗಟ್ಟಿ ಕಫದ ಉಂಡೆ ಬೀಳುತ್ತಿದ್ದರೆ ಆಸ್ಪರ್ಜಿಲಸ್ ಐಜಿಇ ಪರೀಕ್ಷೆ ಕೇಳಿ. ನಿಮ್ಮ ಮಗನಿಗೆ ಹುಳುಮಾತ್ರೆ ಕೊಟ್ಟು, ಕೆಲವು ತಿಂಗಳು ಚಿಕಿತ್ಸೆ ನೋಡಿ, ಹತೋಟಿ ಸಿಗದಿದ್ದರೆ ಮಾತ್ರ ಈ ಪರೀಕ್ಷೆ.

ಆರು ವರ್ಷಕ್ಕೆ ಹೆಚ್ಚಿನ ಮಕ್ಕಳು ಸ್ಪೈರೋಮೆಟ್ರಿ, ಅಂದರೆ ಉಸಿರು ಅಳೆಯುವ ಯಂತ್ರ, ಊದಬಲ್ಲರು. ರೋಗವನ್ನು ಖಚಿತಪಡಿಸುವುದು ಅದೇ. ಸಾಲ್ಬುಟಮಾಲ್ ಕೊಡುವ ಮೊದಲು, ಕೊಟ್ಟು 15 ನಿಮಿಷದ ನಂತರ ಎರಡು ಸಲ ಊದಿಸಿ, ಮೊದಲ ಸೆಕೆಂಡಿನಲ್ಲಿ ಹೊರಬೀಳುವ ಗಾಳಿ 12%ರಷ್ಟಾದರೂ ಏರಿತೇ ನೋಡುತ್ತಾರೆ. ಆರಾಮಾಗಿರುವ ದಿನ ಊದಿಸಿದರೆ ಸಹಜ ಬರಬಹುದು. ಅದರಿಂದ ಆಸ್ತಮಾ ಇಲ್ಲವೆಂದಾಗದು.

ಜೀನ್ ಟೆಸ್ಟ್ ಬೇಡ. ಎಂಜಲು ಕಳಿಸಿದರೆ ನೂರಾರು ಕಾಯಿಲೆಗಳ ಅಪಾಯ ಹೇಳುವ ಕಿಟ್‌ಗಳಲ್ಲಿ ಆಸ್ತಮಾದ ಸಾಲೂ ಇರುತ್ತದೆ. ಅವುಗಳ ಲೆಕ್ಕ ಬಹುಪಾಲು ಯುರೋಪ್ ಮೂಲದವರ ಡಿಎನ್‌ಎ ಮೇಲೆ ನಿಂತದ್ದು, ನಮ್ಮ ಜನರಿಗೆ ಹಾಗೆಯೇ ಹೊಂದುವುದಿಲ್ಲ. ಹೊಂದಿದರೂ ಫಲಿತಾಂಶ ನೋಡಿ ಚಿಕಿತ್ಸೆಯಲ್ಲಿ ಬದಲಿಸುವಂಥದ್ದೇನೂ ಇಲ್ಲ. ಗರ್ಭದಲ್ಲೇ ಪರೀಕ್ಷಿಸುವ ಮಾತಂತೂ ಇಲ್ಲವೇ ಇಲ್ಲ. ಕುಟುಂಬದ ಚರಿತ್ರೆಯೇ ಇವತ್ತಿಗೂ ಇರುವುದರಲ್ಲಿ ಒಳ್ಳೆಯ ಜೀನ್ ಟೆಸ್ಟ್, ಪುಕ್ಕಟೆ ಬೇರೆ. ಅಮೆರಿಕದ ಟ್ಯೂಸನ್‌ನಲ್ಲಿ ಮಕ್ಕಳನ್ನು ಹುಟ್ಟಿನಿಂದ ಹಿಂಬಾಲಿಸಿ 2000ದಲ್ಲಿ ರೂಪಿಸಿದ ಒಂದು ಸೂಚ್ಯಂಕ ಅದನ್ನೇ ಬಳಸುತ್ತದೆ. ಮೊದಲ ಮೂರು ವರ್ಷದೊಳಗೆ ಪದೇ ಪದೇ ಉಬ್ಬಸ ಬಂದ ಮಗುವಿಗೆ, ತಂದೆ ಅಥವಾ ತಾಯಿಗೆ ಆಸ್ತಮಾ ಇದ್ದರೆ ಅಥವಾ ಮಗುವಿಗೇ ಇಸುಬು ಇದ್ದರೆ ಸೂಚ್ಯಂಕ ಧನಾತ್ಮಕ; ಇವೆರಡೂ ಇಲ್ಲದಿದ್ದರೆ ಮೂಗಿನ ಅಲರ್ಜಿ, ನೆಗಡಿಯಿಲ್ಲದೆಯೂ ಉಬ್ಬಸ, ಇಸಿನೋಫಿಲ್ 4% ಅಥವಾ ಹೆಚ್ಚು, ಈ ಮೂರರಲ್ಲಿ ಎರಡು ಬೇಕು. ಋಣಾತ್ಮಕ ಬಂದರೆ ಶಾಲಾ ವಯಸ್ಸಿಗೆ ಉಬ್ಬಸ ನಿಲ್ಲುವ ಸಂಭವವೇ ಹೆಚ್ಚು ಎಂದು ಧೈರ್ಯವಾಗಿ ಹೇಳಬಹುದು. ಧನಾತ್ಮಕ ಬಂದರೆ ಅಷ್ಟು ಖಚಿತವಾಗಿ ಹೇಳಲಾಗದು. ಹುಟ್ಟುವ ಮಗುವಿಗೆ ಮುಂದೆ ಉಬ್ಬಸ ಬಂದರೆ ನಿಮ್ಮ ಆಸ್ತಮಾದ ವಿಷಯವನ್ನು ಮಕ್ಕಳ ವೈದ್ಯರಿಗೆ ಅವರು ಕೇಳುವ ಮೊದಲೇ ತಿಳಿಸಿ.

ವಂಶವೇ ಎಲ್ಲವೂ ಅಲ್ಲ ಎಂಬುದಕ್ಕೆ ಬೆಂಗಳೂರಿನದೇ ಪುರಾವೆ ಇದೆ. ಡಾ. ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ 20,000 ಮಕ್ಕಳನ್ನು ನೋಡಿ ಪ್ರಕಟಿಸಿದ ಅಂಕಿಯಂತೆ 1979ರಲ್ಲಿ 9% ಇದ್ದ ಆಸ್ತಮಾ 1999ಕ್ಕೆ 29.5% ಆಗಿತ್ತು. ಆಸ್ಪತ್ರೆಗೆ ಬಂದವರ ಲೆಕ್ಕವಾದ್ದರಿಂದ ಇಡೀ ಊರಿಗೆ ಅನ್ವಯಿಸಲಾಗದು, ಆದರೆ ಏರಿಕೆಯ ದಿಕ್ಕು ಸ್ಪಷ್ಟ. ಇಪ್ಪತ್ತು ವರ್ಷದಲ್ಲಿ ಯಾರ ಜೀನೂ ಬದಲಾಗುವುದಿಲ್ಲ. ಬದಲಾದದ್ದು ರಸ್ತೆ, ಹೊಗೆ, ಮನೆ, ಬದುಕು. ಇನ್ನೊಂದು ಪುರಾವೆ ಅಮೆರಿಕದ ಎರಡು ಕೃಷಿ ಸಮುದಾಯಗಳದ್ದು. ಇಂಡಿಯಾನಾದ ಆಮಿಶ್, ದಕ್ಷಿಣ ಡಕೋಟಾದ ಹಟರೈಟ್ ಜನ ಇಬ್ಬರೂ ಮಧ್ಯ ಯುರೋಪಿನಿಂದ ಬಂದವರು, ಡಿಎನ್‌ಎ ಬಹಳ ಹತ್ತಿರ. ಆಮಿಶರು ಕುದುರೆ ಕಟ್ಟಿ, ಮನೆಯ ಪಕ್ಕದ ಕೊಟ್ಟಿಗೆಯಲ್ಲಿ ಹಸು ಸಾಕುತ್ತಾರೆ. ಹಟರೈಟರದ್ದು ಯಂತ್ರಗಳ ದೊಡ್ಡ ಫಾರಂ, ಮಕ್ಕಳು ಅಲ್ಲಿಗೆ ಹೋಗುವುದೇ ಕಡಿಮೆ. ಶಾಲಾ ಮಕ್ಕಳಲ್ಲಿ ಆಸ್ತಮಾ ಆಮಿಶರಲ್ಲಿ 5.2%, ಹಟರೈಟರಲ್ಲಿ 21.3%. 2016ರ ಆ ಅಧ್ಯಯನದಲ್ಲಿ ಆಮಿಶ್ ಮನೆಗಳ ಧೂಳನ್ನು ಇಲಿಗಳ ಮೂಗಿಗೆ ಬಿಟ್ಟಾಗ ಅವಕ್ಕೂ ರಕ್ಷಣೆ ಸಿಕ್ಕಿತು. ಸೂಕ್ಷ್ಮಾಣುಗಳನ್ನು ಗುರುತಿಸುವ ಹುಟ್ಟುರಕ್ಷಣೆಯ ಜೀನ್ ತೆಗೆದ ಇಲಿಗಳಿಗೆ ಸಿಗಲಿಲ್ಲ. ಇದನ್ನು ಓದಿ ಈಗ ಹುಡುಗನನ್ನು ಅಜ್ಜನ ಕೊಟ್ಟಿಗೆಗೆ ಕಳಿಸಬೇಡಿ. ರಕ್ಷಣೆ ಸಿಗುವುದು ಗರ್ಭದಿಂದ ಮೊದಲ ಒಂದೆರಡು ವರ್ಷದವರೆಗಿನ ಒಡನಾಟದಿಂದ. ರೋಗ ಶುರುವಾದ ಮೇಲೆ ಅದೇ ಒಣಹುಲ್ಲಿನ ಧೂಳು ಉಬ್ಬಸ ಎಬ್ಬಿಸುತ್ತದೆ.

ಗರ್ಭಿಣಿಯಾಗಿ ನೀವು ಮಾಡಬೇಕಾದ ದೊಡ್ಡ ಕೆಲಸ ಒಂದೇ, ನಿಮ್ಮ ಇನ್ಹೇಲರ್ ನಿಲ್ಲಿಸದಿರುವುದು. ಗರ್ಭಾವಸ್ಥೆಯಲ್ಲಿ ಸುಮಾರು ಮೂರರಲ್ಲೊಂದು ಪಾಲು ಹೆಂಗಸರಿಗೆ ಆಸ್ತಮಾ ಜೋರಾಗುತ್ತದೆ, ಮದ್ದು ಬಿಟ್ಟವರಿಗೆ ಹೆಚ್ಚು. ತಾಯಿಗೆ ಉಸಿರು ಕಟ್ಟಿದರೆ ಕೂಸಿಗೆ ಆಮ್ಲಜನಕ ಕಡಿಮೆ. ಅದರ ಮುಂದೆ ಮದ್ದಿನ ಅಪಾಯ ಏನೇನೂ ಅಲ್ಲ. ಬುಡೆಸೊನೈಡ್ ಬಗ್ಗೆ ಗರ್ಭಿಣಿಯರಲ್ಲಿ ಬಹಳ ವರ್ಷದ ಅನುಭವವಿದೆ. ಮನೆಯಲ್ಲಿ ಯಾರೂ ಬೀಡಿ ಸಿಗರೇಟು ಸೇದಬಾರದು, ಜಗುಲಿಯಲ್ಲೂ ಬೇಡ. ಸೌದೆ ಒಲೆ, ಸೊಳ್ಳೆಬತ್ತಿಯ ಹೊಗೆಯಿಂದ ದೂರ. ಮಗುವಿಗೆ ಅಲರ್ಜಿ ಬಾರದಿರಲಿ ಎಂದು ನೀವು ಮೊಟ್ಟೆ, ಶೇಂಗಾ, ಹಾಲು ಬಿಡುವುದರಿಂದ ಉಪಯೋಗವಿಲ್ಲ.

ಒಗ್ಗರಣೆಯ ಘಾಟು, ಊದುಬತ್ತಿ, ಸೆಂಟಿನ ವಾಸನೆಗೆ ಕೆಮ್ಮು ಬಂದರೆ ಅದು ಅಲರ್ಜಿ ಅಲ್ಲ, ಮೊದಲೇ ಊದಿಕೊಂಡಿರುವ ನಾಳ ಕೆರಳುವುದು. ಊತ ಇಳಿದರೆ ಒಗ್ಗರಣೆಯೂ ಸಹಿಸುತ್ತದೆ. ನುಸಿಗೆ ದಿಂಬು-ಹೊದಿಕೆಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಿನಲ್ಲಿ ಒಗೆದು, ಹತ್ತಿ ಹಾಸಿಗೆಯನ್ನು ಬಿಸಿಲಿಗೆ ಹಾಕಿ. ಇದರಿಂದ ಪವಾಡ ನಿರೀಕ್ಷಿಸಬೇಡಿ. ಮೃಗಶಿರಾ ಮಳೆಯ ದಿನ ಹೈದರಾಬಾದಿಗೆ ಮೀನಿನ ಪ್ರಸಾದಕ್ಕೆ ಹೋಗುವವರು ನಂಬಿಕೆಯಿಂದ ಹೋಗಲಿ, ಇನ್ಹೇಲರ್ ಜೇಬಿನಲ್ಲಿರಲಿ.

ಈಗ ಮಗನ ಇನ್ಹೇಲರ್. 'ಚಟವಾಗುತ್ತದೆ' ಎಂಬುದು ಸುಳ್ಳು. ಈ ವಯಸ್ಸಿಗೆ ಬುಡೆಸೊನೈಡ್‌ನ ಕಡಿಮೆ ಡೋಸ್ ದಿನಕ್ಕೆ 100ರಿಂದ 200 ಮೈಕ್ರೋಗ್ರಾಂ. 10 ಮಿಲಿಗ್ರಾಂನ ಒಂದು ಪ್ರೆಡ್ನಿಸೊಲೋನ್ ಮಾತ್ರೆ ಎಂದರೆ 10,000 ಮೈಕ್ರೋಗ್ರಾಂ ಸ್ಟೀರಾಯ್ಡ್. ಇನ್ಹೇಲರ್ ಬೇಡವೆಂದು ವರ್ಷಕ್ಕೆ ನಾಲ್ಕು ಸಲ ಮಾತ್ರೆ-ಸಿರಪ್ ನುಂಗಿಸುವವರು ಇದನ್ನು ಲೆಕ್ಕ ಹಾಕುವುದಿಲ್ಲ. ಎತ್ತರದ ಮೇಲೆ ಪರಿಣಾಮ ಇದೆ, ಮುಚ್ಚಿಡಬೇಕಿಲ್ಲ: ದಿನಕ್ಕೆ 400 ಮೈಕ್ರೋಗ್ರಾಂನಂತೆ ವರ್ಷಗಟ್ಟಲೆ ಪಡೆದ ಮಕ್ಕಳು ದೊಡ್ಡವರಾದಾಗ ಸರಾಸರಿ 1.2 ಸೆಂಟಿಮೀಟರ್ ಕುಳ್ಳಗಿದ್ದರು. ಸಾಲ್ಬುಟಮಾಲ್ ಸಿರಪ್ಪಿನಿಂದ ಕೈನಡುಕ, ಎದೆಬಡಿತ ಜಾಸ್ತಿ, ಉಪಯೋಗ ಕಡಿಮೆ. ಮಾಂಟೆಲುಕಾಸ್ಟ್ ಎಂಬ ಆಸ್ತಮಾ ಮದ್ದು ಕೊಡುತ್ತಿದ್ದರೆ ಮಗನ ನಿದ್ದೆ, ಸಿಟ್ಟು, ಕೆಟ್ಟ ಕನಸಿನ ಮೇಲೆ ಕಣ್ಣಿಡಿ; ಮನಸ್ಸಿನ ಮೇಲಿನ ಅಡ್ಡಪರಿಣಾಮದ ಬಗ್ಗೆ 2020ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ತೀವ್ರ ಎಚ್ಚರಿಕೆ ಹಾಕಿಸಿದ್ದಾರೆ.

ಮದ್ದು ಸೋಲುವುದಕ್ಕಿಂತ ಎಳೆಯುವ ರೀತಿ ಸೋಲುವುದೇ ಹೆಚ್ಚು. ಪಂಪನ್ನು ನಾಲ್ಕೈದು ಸಲ ಕುಲುಕಿ ಸ್ಪೇಸರ್ ಹಿಂಬದಿಗೆ ಸಿಕ್ಕಿಸಿ. ಬಾಯಿತುದಿ ಹಲ್ಲುಗಳ ನಡುವೆ ಬಂದು ತುಟಿ ಸುತ್ತ ಮುಚ್ಚಿರಬೇಕು. ಉಸಿರು ಪೂರ್ತಿ ಬಿಡಿಸಿ, ಒಂದೇ ಸಲ ಒತ್ತಿ, ನಿಧಾನವಾಗಿ ಐದಾರು ಸಲ ಉಸಿರಾಡಲಿ. ಸ್ವಲ್ಪ ದೊಡ್ಡವನಾದ ಮೇಲೆ ಒಂದೇ ಉದ್ದ ಉಸಿರೆಳೆದು ಹತ್ತು ಎಣಿಸುವವರೆಗೆ ಹಿಡಿಯಲಿ. ಕೆಲವು ಸ್ಪೇಸರ್‌ಗಳು ಜೋರಾಗಿ ಎಳೆದರೆ ಸೀಟಿ ಹೊಡೆಯುತ್ತವೆ. ಮಕ್ಕಳು ಸೀಟಿ ಬರಬೇಕೆಂದು ಎಳೆಯುತ್ತಾರೆ, ಅದು ತಪ್ಪು ಮಾಡಿದಾಗಿನ ಸದ್ದು ಎಂದು ಹೇಳಿಕೊಡಿ. ಎರಡನೇ ಪಫ್ ಅರ್ಧ ನಿಮಿಷ ಬಿಟ್ಟು, ಮತ್ತೆ ಕುಲುಕಿ. ಎರಡನ್ನೂ ಒಟ್ಟಿಗೆ ಒತ್ತಿದರೆ ಹನಿಗಳು ಕೂಡಿಕೊಂಡು ಪ್ಲಾಸ್ಟಿಕ್ಕಿಗೆ ಅಂಟುತ್ತವೆ. ಆಮೇಲೆ ಬಾಯಿ ಮುಕ್ಕಳಿಸಿ ಉಗುಳಲಿ, ಇಲ್ಲದಿದ್ದರೆ ನಾಲಿಗೆಯಲ್ಲಿ ಬಿಳಿ ಫಂಗಸ್. ಸ್ಪೇಸರನ್ನು ಸೋಪುನೀರಿನಲ್ಲಿ ಅದ್ದಿ ತೆಗೆದು ಹಾಗೆಯೇ ಒಣಗಲು ಬಿಡಿ. ಬಟ್ಟೆಯಿಂದ ಉಜ್ಜಿದರೆ ಸ್ಥಿರವಿದ್ಯುತ್ ಹುಟ್ಟಿ ಮುಂದಿನ ಡೋಸನ್ನು ಗೋಡೆಯೇ ಹಿಡಿದುಕೊಳ್ಳುತ್ತದೆ. ರೋಟಾಹೇಲರ್ ಪುಡಿಯ ಕ್ಯಾಪ್ಸೂಲಿಗೆ ಎಳೆತ ಇದಕ್ಕೆ ತದ್ವಿರುದ್ಧ, ಜೋರಾಗಿ ವೇಗವಾಗಿ ಎಳೆಯಬೇಕು. ಈ ವಯಸ್ಸಿನವರಿಗೆ ಅಷ್ಟು ದಮ್ಮು ಸಾಲದು. ಆ ಕ್ಯಾಪ್ಸೂಲನ್ನು ನೀರಿನಲ್ಲಿ ನುಂಗುವವರೂ ಇದ್ದಾರೆ, ಅದು ತಪ್ಪು.

ಉಬ್ಬಸ ಜೋರಾದ ದಿನ ಸಾಲ್ಬುಟಮಾಲ್ 100 ಮೈಕ್ರೋಗ್ರಾಂ ಪಂಪನ್ನು ಸ್ಪೇಸರ್ ಮೂಲಕ ಒಂದೊಂದೇ ಪಫ್‌ನಂತೆ ನಾಲ್ಕರಿಂದ ಆರು ಪಫ್ ಕೊಡಿ. 20 ನಿಮಿಷದಲ್ಲಿ ಪೂರ್ತಿ ಇಳಿಯದಿದ್ದರೆ ಮತ್ತೆ ಕೊಟ್ಟು, ಕೊಡುತ್ತಲೇ ಆಸ್ಪತ್ರೆಗೆ ಹೊರಡಿ. ಒಂದು ವಾಕ್ಯ ಪೂರ್ತಿ ಆಡಲಾಗದಿರುವುದು, ಪಕ್ಕೆಲುಬಿನ ನಡುವೆ ಗುಳಿ ಬೀಳುವುದು, ಬೆರಳಿನ ಮೀಟರಿನಲ್ಲಿ ಆಮ್ಲಜನಕ 92%ಗಿಂತ ಕೆಳಗೆ, ಸುಂಯ್ ಸದ್ದು ನಿಂತು ಮಗು ಮಂಕಾಗುವುದು, ಇವುಗಳಲ್ಲಿ ಒಂದಿದ್ದರೂ 20 ನಿಮಿಷ ಕಾಯಬೇಡಿ, 108ಕ್ಕೆ ಕರೆ ಮಾಡಿ. ಸದ್ದು ನಿಂತಿತೆಂದು ಸಮಾಧಾನಪಟ್ಟುಕೊಳ್ಳುವುದು ಅಪಾಯ; ಗಾಳಿಯೇ ಓಡಾಡದಿದ್ದಾಗಲೂ ಸದ್ದಿರುವುದಿಲ್ಲ.

ಇನ್ಹೇಲರ್ ಬಿಡಿಸಬಹುದು. ಮೂರು ತಿಂಗಳು ರಾತ್ರಿ ಕೆಮ್ಮಿಲ್ಲದೆ, ಆಟಕ್ಕೆ ಅಡ್ಡಿಯಿಲ್ಲದೆ, ನೀಲಿ ಪಂಪು ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಬೇಕಾಗದೆ ಇದ್ದರೆ ವೈದ್ಯರು ಡೋಸನ್ನು ಕಾಲುಭಾಗದಿಂದ ಅರ್ಧದಷ್ಟು ಇಳಿಸುತ್ತಾರೆ, ಮತ್ತೆ ಮೂರು ತಿಂಗಳು ನೋಡುತ್ತಾರೆ. ಜೂನ್‌ನಲ್ಲಿ ಶಾಲೆ ಶುರುವಾಗುವ ಹೊತ್ತಿಗೆ, ನೆಗಡಿ ಇರುವಾಗ, ದೂರದೂರಿಗೆ ಹೊರಟಿರುವಾಗ ಇಳಿಸುವುದು ಬೇಡ. ಗಂಡುಮಕ್ಕಳಲ್ಲಿ ಅನೇಕರಿಗೆ ಹರೆಯದ ಹೊತ್ತಿಗೆ ಲಕ್ಷಣಗಳು ಮರೆಯಾಗುತ್ತವೆ. ಕೆಲವರಿಗೆ ಮೂವತ್ತರ ಸುಮಾರಿಗೆ, ಹೆಚ್ಚಾಗಿ ಸಿಗರೇಟು ಹಿಡಿದವರಿಗೆ, ಮರಳುತ್ತವೆ. ಡೋಸ್ ಇಳಿಸಿದ ಮೇಲೆ ರಾತ್ರಿ ಕೆಮ್ಮು ತಿರುಗಿ ಬಂದರೆ ಹಿಂದಿನ ಡೋಸಿಗೆ ಹೋಗಿ. ಹಾಗೆ ಹೋಗುವ ಮೊದಲು ಅವನು ಸ್ಪೇಸರ್ ಎಳೆಯುವುದನ್ನು ವೈದ್ಯರ ಎದುರಿಗೇ ಒಮ್ಮೆ ಮಾಡಿಸಿ ತೋರಿಸಿ.